ಎರಡು ಅಲೆಗಳ ನಡುವೆ ಮೂರು ಸೆಕೆಂಡು

ತುಮಕೂರು

ನಿವೃತ್ತಿಯಾಗಿ ಎರಡು ವರ್ಷ ಕಳೆದಿದ್ದರೂ ಬೆಳಿಗ್ಗೆ ಎಂಟೂವರೆಗೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಹೊತ್ತಿಗೆ ಸರಿಯಾಗಿ ನಾನು ಒಂದು ಉರುಳೆಯ ಮೇಲಿನ ಕಾಗದ ಬದಲಾಯಿಸಿದ್ದೆ. ಹಬ್ಬವಿರಲಿ, ಬಂದ್ ಇರಲಿ, ಮಗಳ ಧಾರೆಯ ದಿನವೇ ಇರಲಿ, ಮೊದಲು ಕಾಗದ, ಆಮೇಲೆ ಮಿಕ್ಕದ್ದು.

ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟ ಎದುರಿಗೆ ಕಾಣುವ ಬಂಡೆಯ ಮೇಲೆ ನಮ್ಮ ಪುಟ್ಟ ಭೂಕಂಪ ಮಾಪನ ಕೇಂದ್ರವಿತ್ತು. ಕಾಗದವನ್ನು ಉರುಳೆಗೆ ಸುತ್ತಿ ದೀಪದ ಮಸಿ ಹಿಡಿಸಬೇಕು. ಉರುಳೆ ತಿರುಗುತ್ತದೆ, ಸೂಜಿ ಮಸಿಯನ್ನು ಕೆರೆದು ಬಿಳಿ ಗೆರೆ ಎಳೆಯುತ್ತದೆ. ಪಕ್ಕದ ಗಡಿಯಾರ ನಿಮಿಷಕ್ಕೊಮ್ಮೆ ಗೆರೆಯ ಮೇಲೆ ಗುರುತು ಹಾಕುತ್ತದೆ. ನೆಲ ಅಲುಗಿದರೆ ಗೆರೆ ನಡುಗುತ್ತದೆ. ನನ್ನ ವಿದ್ಯೆಯೆಲ್ಲ ಇಷ್ಟೇ. ನಮ್ಮ ಸೀಮೆಯ ನೆಲ ಮಹಾ ಸಾಧು. ಕ್ವಾರಿಯವರು ಬಂಡೆ ಸಿಡಿಸಿದಾಗ ಬಿಟ್ಟರೆ ತಿಂಗಳುಗಟ್ಟಲೆ ಗೆರೆ ಅಲುಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಭಾಗ. ಸದಾಶಿವನಗರದ ನಮ್ಮ ಮನೆಗೆ ಒಂದು ಭಾನುವಾರ ನೇಪಾಳದಿಂದ ಫೋನ್ ಬಂತು. ಮಾತಾಡಿದವನು ಗಂಗಾಧರ. ಹುತ್ರಿದುರ್ಗದ ಕೆಳಗಿನ ಹಳ್ಳಿಯವನು. ಓದು ಮುಗಿಸಿ ಎರಡು ವರ್ಷ ನನ್ನ ಕೈಕೆಳಗೆ ಕೆಲಸ ಕಲಿತು, ಮುಂದೆ ದೊಡ್ಡ ಓದು ಓದಿ ಪ್ರೊಫೆಸರಾದವನು. ಈಗ ಬೆಟ್ಟದ ನಾಡಿನಲ್ಲಿ ಭೂಕಂಪಗಳ ಹಿಂಡಿನ ಹಿಂದೆ ಬಿದ್ದಿದ್ದ. ಸಾಮಾನ್ಯವಾಗಿ ದೊಡ್ಡದೊಂದು ಕಂಪನ ಬಂದು, ಅದರ ಬೆನ್ನಿಗೆ ಸಣ್ಣವು ಬರುತ್ತವೆ. ಹಿಂಡಿನಲ್ಲಿ ಹಾಗಲ್ಲ, ಅಲ್ಲಿ ಯಜಮಾನನೇ ಇಲ್ಲ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯವು, ವಾರಗಟ್ಟಲೆ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ.

“ಮೇಡಂ, ದಿನಕ್ಕೆ ನಲವತ್ತು ಐವತ್ತು ಸಲ ಭೂಮಿ ಅದುರ್ತಾ ಐತೆ. ಹೊಸ ಯಂತ್ರ ಬರೋವರ್ಗೂ ಕಾಯಕ್ಕಾಗ್ದೆ ಗೋಡೌನಿಂದ ಹಳೇವ್ನೇ ಹೊತ್ಕಂಡು ಬಂದಿದೀನಿ. ಆದ್ರೆ ಕಾಗ್ದದ ಮೇಲೆ ಅದುರು ಶುರುವಾಗೋದು ಬಿಟ್ರೆ ಮುಂದಿಂದೇನೂ ಗೊತ್ತಾಗಲ್ಲ. ಬರೀ ಮಸಿ.”

“ಎಷ್ಟು ದಪ್ಪ ಹಿಡಿಸ್ತಾ ಇದೀರ?”

“ಅದೇ ಗೊತ್ತಾಗ್ತಿಲ್ಲ. ನೀವೊಂದ್ಸಲ ಬಂದ್‌ಬಿಡಿ.”

“ಮಸಿ ಹಿಡಿಸೋಕೆ ನೇಪಾಳಕ್ಕೆ ಬರ್ಬೇಕೇನೋ?”

“ಹೂಂ ಮೇಡಂ. ನಿಮ್ ಕೈ ನಮಗ್ಯಾರಿಗೂ ಬರ್ಲೇ ಇಲ್ಲ.”

ಹೊಗಳಿಕೆ ಎಂದು ಗೊತ್ತಿದ್ದೂ ಒಪ್ಪಿಕೊಂಡೆ. ಹಾಗಲವಾಡಿಗೆ ಹೋಗಿ ಅಕ್ಕನಿಗೆ ಸುದ್ದಿ ಹೇಳಿದಾಗ ಆಕೆ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅಲ್ಲ ಕಣೇ ಸರೋಜಿ, ಭೂಮಿ ಅಲ್ಲಾಡ್ತದೆ ಅಂದ್ರೆ ಇರೋ ಜನ ಓಡೋಯ್ತಾರೆ. ನೀನು ಬ್ಯಾಗ್ ಹಿಡ್ಕಂಡು ಹೊಂಟಿದೀಯಲ್ಲ, ತಲೆ ನೆಟ್ಟಗೈತಾ?”

“ನಂಗೆ ಅಲ್ಲಾಡೋ ಭೂಮಿ ನೋಡ್ಬೇಕು ಕಣಕ್ಕ. ಮೂವತ್ತು ವರ್ಷ ಅಲ್ಲಾಡ್ದೇ ಇರೋದನ್ನೇ ನೋಡಿದೀನಿ.”

“ಹೋಗು ಬುಡು, ಹೇಳುದ್ರೆ ಕೇಳ್ತೀಯಾ?” ಎಂದು ಒಳಗೆ ಹೋದ ಅಕ್ಕ ಒಂದು ಸೀಸೆ ಹರಳೆಣ್ಣೆ ತಂದುಕೊಟ್ಟಳು. ನಾನು ಕೇಳಲು ಹೋಗಿದ್ದೇ ಅದನ್ನು. ಇಲಾಖೆಯವರು ಮಸಿಗೆ ಸೀಮೆಎಣ್ಣೆ ಕೊಡುತ್ತಿದ್ದರು. ಸೀಮೆಎಣ್ಣೆಯ ಮಸಿ ಒರಟು. ತೆಳ್ಳಗೆ ಹಿಡಿಸಿದರೆ ಹರಿಯುತ್ತದೆ, ದಪ್ಪ ಹಿಡಿಸಿದರೆ ಗೆರೆ ಹಿಗ್ಗುತ್ತದೆ. ನಮ್ಮಮ್ಮ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದಳು. ಆ ಮಸಿ ರೇಷ್ಮೆಯಂಥದ್ದು. ಕೆಲಸಕ್ಕೆ ಸೇರಿದ ಎರಡನೇ ವರ್ಷದಿಂದ ನಾನು ಯಾರಿಗೂ ಹೇಳದೆ ಕಾಡಿಗೆಯ ವಿಧಾನಕ್ಕೆ ಬಂದಿದ್ದೆ.

ಕಠ್ಮಂಡು

ವಿಮಾನ ನಿಲ್ದಾಣದ ಸುಂಕದವನು ನನ್ನ ಚೀಲಕ್ಕೆ ಕೈ ಹಾಕಿ ತಕ್ಷಣ ಹೊರಕ್ಕೆ ತೆಗೆದ. ಬೆರಳೆಲ್ಲ ಜಿಗುಟು. ಸೀಸೆಯ ಬಿರಡೆ ಸಡಿಲವಾಗಿ ಕಾಲು ಭಾಗ ಎಣ್ಣೆ ನನ್ನ ಎರಡು ಸೀರೆಗಳಿಗೆ ಸೇರಿತ್ತು. ಮೂಸಿ ನೋಡಿ, ಇಷ್ಟನ್ನೂ ಕುಡಿಯುತ್ತೀರಾ ಎಂದು ಹಿಂದಿಯಲ್ಲಿ ಕೇಳಿದ. ಇಲ್ಲ, ಭೂಕಂಪಕ್ಕೆ ಎಂದೆ. ಅವನು ನನ್ನ ಬಿಳಿ ಕೂದಲನ್ನೊಮ್ಮೆ, ಪಾಸ್‌ಪೋರ್ಟನ್ನೊಮ್ಮೆ ನೋಡಿ, ಮುಂದೆ ಹೋಗಿ ಎಂದು ಕೈ ಮುಗಿದ.

ಮರುದಿನ ಬೆಟ್ಟದ ಬಸ್ಸು ಆರೂವರೆಗೆ. ನಾನು ಆರೂ ಇಪ್ಪತ್ತಕ್ಕೆ ನಿಲ್ದಾಣದಲ್ಲಿದ್ದೆ. ಬಸ್ಸು ಇರಲಿಲ್ಲ, ಹೊರಟು ಐದು ನಿಮಿಷವಾಗಿತ್ತು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಎಂಬುದು ನನಗೆ ಗೊತ್ತಿತ್ತು. ಬೆಳಗಿನ ಗಡಿಬಿಡಿಯಲ್ಲಿ ಕೂಡಿಸಿಕೊಳ್ಳುವುದು ಮರೆತಿತ್ತು. ಕರೆದೊಯ್ಯಲು ಬಂದಿದ್ದ ಗಂಗಾಧರ ಖಾಲಿ ನಿಲ್ದಾಣದಲ್ಲಿ ಸೂಟ್‌ಕೇಸಿನ ಮೇಲೆ ಕೂತು ನಗುತ್ತಿದ್ದ.

“ಮೇಡಂ ಲೇಟು! ಇದನ್ನ ಕುಣಿಗಲ್‌ನಲ್ಲಿ ಹೇಳಿದ್ರೆ ಯಾರೂ ನಂಬಲ್ಲ.”

“ನಗ್ಬೇಡ. ಮುಂದಿನ ಬಸ್ಸು ಯಾವಾಗ?”

“ಒಂಬತ್ತಕ್ಕೆ. ವಾಚ್ ತಿರುಗಿಸ್ಕಳಿ ಮೇಡಂ, ಹದಿನೈದು ನಿಮಿಷ ತಾನೆ.”

ನಾನು ತಿರುಗಿಸಲಿಲ್ಲ. ನಡೆಯುವ ಗಡಿಯಾರವನ್ನು ಮುಟ್ಟುವುದಿಲ್ಲ, ವ್ಯತ್ಯಾಸ ಎಷ್ಟೆಂದು ತಿಳಿದುಕೊಳ್ಳುತ್ತೇವೆ. ನಮ್ಮ ಕೆಲಸದ ಮೊದಲ ಪಾಠವೇ ಅದು. ಆ ಎರಡೂವರೆ ಗಂಟೆಯಲ್ಲಿ ಅಲ್ಲಿಯವರ ಒಂದು ಅಭ್ಯಾಸ ಕಂಡುಕೊಂಡೆ. ಬೆಳಿಗ್ಗೆ ತಿಂಡಿಯೆಂಬುದಿಲ್ಲ. ಚಹಾ ಕುಡಿದು ಹತ್ತು ಗಂಟೆಗೆ ನೇರ ಊಟ, ಸಂಜೆ ಮತ್ತೆ ಅದೇ ಊಟ. ಏಳೂವರೆಗೆ ಉಪ್ಪಿಟ್ಟು ಕಾಣದ ಹೊಟ್ಟೆ ಮೂರು ದಿನ ನನ್ನೊಡನೆ ಜಗಳವಾಡಿತು. ನಾಲ್ಕನೇ ದಿನ ಅದೂ ನೇಪಾಳದ ಸಮಯಕ್ಕೆ ಹೊಂದಿಕೊಂಡಿತು.

ಓಖರ್‌ಬೋಟ್

ಬಸ್ಸು ಇಳಿದ ಮೇಲೆ ಒಂದು ಹಗಲು ಪೂರ್ತಿ ಏರುದಾರಿ. ಓಖರ್‌ಬೋಟ್ ನಲವತ್ತು ಮನೆಗಳ ಊರು. ಕಲ್ಲು ಮಣ್ಣಿನ ಗೋಡೆ, ಮೇಲೆ ಕಲ್ಲಿನ ಹಾಸು, ಹಿಂದೆ ಹಿಮದ ಸಾಲು. ನಾನು ಬೆರಗಾಗಿ ನಿಂತದ್ದು ಹಿಮ ನೋಡಿ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಲಗಳ ತುಂಬ ರಾಗಿ! ತೆನೆ ಕಂದು ಬಣ್ಣಕ್ಕೆ ತಿರುಗಿ, ಮುಷ್ಟಿ ಮಡಿಸಿ, ಇನ್ನು ಹದಿನೈದು ದಿನಕ್ಕೆ ಕುಯ್ಯಬಹುದು ಎನ್ನುವಂತೆ ನಿಂತಿತ್ತು. ಅವರು ಅದಕ್ಕೆ ಕೋದೋ ಅನ್ನುತ್ತಾರೆ. ಹಿಟ್ಟು ತಿರುವಿ ಮಾಡುವ ಧಿಂಡೋ ನಮ್ಮ ಮುದ್ದೆಯ ದೊಡ್ಡಪ್ಪನ ಮಗ. ಸ್ವಲ್ಪ ಮೆದು, ಉಂಡೆ ಕಟ್ಟುವುದಿಲ್ಲ.

ಆದರೆ ಊರಿನ ಒಂದು ಮನೆಯಲ್ಲೂ ಜನ ಮಲಗುತ್ತಿರಲಿಲ್ಲ. ಎರಡು ತಿಂಗಳಿಂದ ಅಂಗಳದಲ್ಲಿ ಬಿದಿರಿನ ತಟ್ಟಿ, ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಅದರಡಿಯಲ್ಲಿ ಸಂಸಾರ.

ನಮ್ಮ ನಾಲ್ಕು ಯಂತ್ರಗಳಲ್ಲಿ ಮೂರು ಸುತ್ತಲಿನ ಬೆಟ್ಟಗಳಲ್ಲಿ ಗಂಗಾಧರನ ವಿದ್ಯಾರ್ಥಿಗಳ ಕೈಲಿದ್ದವು. ನಾಲ್ಕನೆಯದು ಈ ಊರಿನ ಹವಾಲ್ದಾರ್ ಮನ್ ಬಹಾದೂರ್ ಅವರ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ನಮ್ಮ ಸೇನೆಯಲ್ಲಿದ್ದು ನಿವೃತ್ತರಾದವರು, ನನ್ನದೇ ವಯಸ್ಸು, ಗೂಟ ಹೊಡೆದಂತೆ ನೆಟ್ಟಗೆ ನಿಲ್ಲುವ ಮನುಷ್ಯ. ಮೂರು ವರ್ಷ ಬೆಂಗಳೂರಿನಲ್ಲಿದ್ದು ಸಿಟಿ ಬಸ್ಸಿನಲ್ಲಿ ಕನ್ನಡ ಕಲಿತಿದ್ದರು.

“ಬನ್ನಿ ಮೇಡಂಜಿ! ಒಳಗೆ ಬನ್ನಿ, ಮುಂದೆ ಹೋಗಿ, ಮುಂದೆ ಜಾಗ ಇದೆ!”

ಅವರ ಹೆಂಡತಿ ಮಾಯಾ ನನಗೆ ನೀರು ಕೊಟ್ಟು, ಮೊದಲು ನನ್ನ ಮಂಡಿ ಮುಟ್ಟಿ ನೋಡಿದರು. ಏರಿ ಬಂದ ಮಂಡಿಗೆ ಬಿಸಿ ಎಣ್ಣೆ ಸವರಿದ ಮೇಲೆಯೇ ಮಾತು.

ಕೋಣೆ ನೋಡಿ ಸಂತೋಷವಾಯಿತು. ಯಂತ್ರದ ಮೇಲೆ ಧೂಳಿಲ್ಲ. ಪೆನ್ಸಿಲ್ಲುಗಳು ಉದ್ದದ ಕ್ರಮದಲ್ಲಿ ಸಾಲಾಗಿವೆ. ರಿಜಿಸ್ಟರಿಗೆ ಹಳೆಯ ಕ್ಯಾಲೆಂಡರಿನ ರಟ್ಟು. ನನಗಿಂತ ಅಚ್ಚುಕಟ್ಟಾದ ಮನುಷ್ಯನನ್ನು ಅಷ್ಟು ದೂರ ಹೋಗಿ ಕಂಡೆ.

ಸಂಜೆ ಗಂಗಾಧರ ನಕ್ಷೆ ಬಿಡಿಸಿದ. ನಾಲ್ಕೂ ಯಂತ್ರಗಳಿಗೆ ಸ್ಪಷ್ಟವಾಗಿ ಸಿಕ್ಕ ಪ್ರತಿ ಕಂಪನದ ಜಾಗಕ್ಕೂ ಒಂದು ಕೆಂಪು ಚುಕ್ಕೆ. ದೂರದ ಹಿಮದ ಇಳಿಜಾರಿನಿಂದ ಶುರುವಾಗಿ ಚುಕ್ಕೆಗಳು ಇರುವೆ ಸಾಲಿನಂತೆ ಈ ಊರಿನ ಕಡೆಗೆ ನಡೆದು ಬಂದಿದ್ದವು.

“ಮೊದಲ ವಾರ ಸಾಲು ಇಲ್ಲಿಗೇ ನಿಂತಿತ್ತು,” ಎಂದು ಬೆರಳಿಟ್ಟು ತೋರಿಸಿದ. “ಆಮೇಲೆ ವಾರ ವಾರಕ್ಕೂ ಮುಂದೆ ಬರ್ತಾ ಐತೆ. ಒಳಗಡೆ ಬಿರುಕು ಈ ಕಡೆಗೇ ಬೆಳೀತಿದೆ ಅಂತ ಕಾಣ್ತದೆ ಮೇಡಂ. ಇನ್ನು ಹನ್ನೊಂದು ದಿನಕ್ಕೆ ಜಿಲ್ಲೆಯ ಅಧಿಕಾರಿ ಬರ್ತಾರೆ. ಊರು ಖಾಲಿ ಮಾಡ್ಸಿ ಅಂತ ನಾನು ಬರ್ಕೊಡ್ಬೇಕಾಗ್ತದೆ.”

“ಖಾಲಿ ಮಾಡಿ ಎಲ್ಲಿಗೆ ಹೋಗ್ತಾರೆ?”

“ಕೆಳಗೆ ನದಿ ದಡದಲ್ಲಿ ಡೇರೆ. ಚಳಿಗಾಲ ಪೂರ್ತಿ.”

“ರಾಗಿ?”

ಗಂಗಾಧರ ಹೊಲಗಳ ಕಡೆ ನೋಡಿದ. ಅವನೂ ರಾಗಿ ಸೀಮೆಯವನೇ. ಹಿಂದೆ ಕೂತಿದ್ದ ಮಾಯಾಗೆ ಕನ್ನಡ ತಿಳಿಯದು. ನಕ್ಷೆಯ ಮೇಲಿನ ಬೆರಳು ತಿಳಿಯುತ್ತಿತ್ತು. ಎದ್ದು ಹೊರಗೆ ಹೋದರು.

ನಾಯಿಗಳ ಹಬ್ಬ

ನಮ್ಮಲ್ಲಿ ನರಕ ಚತುರ್ದಶಿಗೆ ಎಣ್ಣೆನೀರು ಹಾಕಿಕೊಳ್ಳುವ ದಿನ ಅಲ್ಲಿ ನಾಯಿಗಳಿಗೆ ಪೂಜೆ. ಬೀದಿ ನಾಯಿ, ಮನೆ ನಾಯಿ ಭೇದವಿಲ್ಲದೆ ಎಲ್ಲದರ ಹಣೆಗೂ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಮುಂದೆ ಎಲೆ ತುಂಬ ಅನ್ನ. ಮನೆಯೊಳಗೆ ಕಾಲಿಡಲು ಹೆದರುವ ಆ ಜನ ಹಬ್ಬ ಬಿಟ್ಟಿರಲಿಲ್ಲ. ಹಾರ ಹಾಕಿಕೊಂಡ ನಾಯಿಯೊಂದು ಬಂದು ನಮ್ಮ ಕೋಣೆಯ ಬಾಗಿಲಲ್ಲಿ ಅತಿಥಿಯಂತೆ ಕುಳಿತಿತು. ಅದನ್ನು ದಾಟಿಕೊಂಡು ನಾನು ಕೆಲಸ ಶುರು ಮಾಡಿದೆ.

ಹತ್ತಿಬಟ್ಟೆಯ ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಕಾಗದ ಸುತ್ತಿದ ಉರುಳೆಯನ್ನು ಅದರ ಮೇಲೆ ಒಂದೇ ಸಮ ತಿರುಗಿಸಿದೆ. ಇಪ್ಪತ್ತು ಎಣಿಸುವಷ್ಟು ಹೊತ್ತು, ಸಾಕು. ಹವಾಲ್ದಾರರು ಬಗ್ಗಿ ನೋಡಿದರು.

“ಇದು ಕಪ್ಪೇ ಆಗಿಲ್ಲ ಮೇಡಂಜಿ. ನಾನು ದಿನಾ ಶೂ ಹಾಗೆ ಕಪ್ಪು ಮಾಡ್ತೀನಿ.”

“ನಿಮ್ಮ ಶೂ ಚೆನ್ನಾಗಿರುತ್ತೆ ಹವಾಲ್ದಾರ್‌ಜಿ. ಕಾಗದಕ್ಕೆ ಇಷ್ಟೇ ಸಾಕು.”

ಉರುಳೆಯನ್ನು ಯಂತ್ರಕ್ಕೆ ಏರಿಸಿ ಅರ್ಧ ಗಂಟೆಯಾಗಿರಲಿಲ್ಲ, ಗೋಡೆಯ ತಟ್ಟೆಗಳು ಸದ್ದು ಮಾಡಿದವು. ಎರಡು ಮೂರು ಕ್ಷಣ ಬಿಟ್ಟು, ಯಾರೋ ದೊಡ್ಡವರು ಪಕ್ಕದ ಕೋಣೆಯಲ್ಲಿ ಗೋಡೆಗೆ ಒರಗಿದಂತೆ ನೆಲ ಸರಿಯಿತು. ಅಷ್ಟೇ. ಜೀವನದಲ್ಲಿ ಮೊದಲ ಸಲ ನನ್ನ ಕಾಲಿಗೆ ಭೂಕಂಪ ತಿಳಿದಿತ್ತು. ಹೊರಗೆ ಓಡಬೇಕಾದವಳು ಯಂತ್ರದ ಕಡೆಗೆ ಓಡಿದೆ. ಗಂಗಾಧರ ನನ್ನ ಸೆರಗು ಹಿಡಿದೆಳೆದ.

“ಈಚೆ ಬನ್ನಿ ಮೇಡಂ! ನಿಮ್ಗೇನಾದ್ರೂ ಆದ್ರೆ ಹಾಗಲವಾಡಿ ಅಕ್ಕ ನನ್ನ ಸುಮ್ನೆ ಬಿಡ್ತಾರಾ?”

ಅಲುಗಾಟ ನಿಂತ ಮೇಲೆ ಒಳಗೆ ಹೋಗಿ ನೋಡಿದೆವು. ಗೆರೆ ಕೂದಲೆಳೆಯಷ್ಟು ತೆಳು. ಮೊದಲ ಅಲೆ ಬಂದ ಜಾಗ ಸ್ಪಷ್ಟ. ಸ್ವಲ್ಪ ಮುಂದೆ, ಇಷ್ಟು ದಿನ ಮಸಿಯಲ್ಲಿ ಕಲಸಿಹೋಗುತ್ತಿದ್ದ ಎರಡನೇ ಅಲೆ ಚಾಕುವಿನಿಂದ ಕೊಯ್ದಂತೆ ನಿಂತಿತ್ತು.

ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ, ಒಂದು ಚುರುಕು, ಇನ್ನೊಂದು ನಿಧಾನ. ಮಿಂಚು ಕಂಡ ಮೇಲೆ ಗುಡುಗು ಕೇಳಲು ಎಷ್ಟು ಹೊತ್ತಾಯಿತೆಂದು ಎಣಿಸಿ ಸಿಡಿಲಿನ ದೂರ ಊಹಿಸುತ್ತೇವಲ್ಲ, ಹಾಗೆಯೇ ಇದು. ಎರಡು ಅಲೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಕಂಪನ ದೂರ. ಅಂತರದ ಒಂದೊಂದು ಸೆಕೆಂಡಿಗೂ ಹೆಚ್ಚುಕಡಿಮೆ ಎಂಟು ಕಿಲೋಮೀಟರು. ಈ ಲೆಕ್ಕಕ್ಕೆ ಗಡಿಯಾರ ಸರಿಯಿರಬೇಕೆಂದೇನೂ ಇಲ್ಲ, ಅಂತರ ಅಳೆದರಾಯಿತು.

ಅಳೆದೆ. ಮೂರು ಸೆಕೆಂಡು. ಮಧ್ಯಾಹ್ನದ್ದು ಅಳೆದೆ, ಮೂರು. ಮಾರನೇ ಬೆಳಗಿನ ಜಾವದ್ದು, ಮೂರು.

ಸೊನ್ನೆಗಳು

“ಗಂಗಾಧರ, ಇವತ್ತು ಬೆಳಗಿನ ಜಾವದ್ದು ಈ ಊರಿಂದ ಎಷ್ಟು ದೂರ ಅಂತ ನಿನ್ನ ಲೆಕ್ಕ?”

ಅವನು ನಾಲ್ಕೂ ಯಂತ್ರಗಳಿಗೆ ಮೊದಲ ಅಲೆ ಮುಟ್ಟಿದ ಹೊತ್ತನ್ನು ವೈರ್‌ಲೆಸ್‌ನಲ್ಲಿ ತರಿಸಿಕೊಂಡು, ಅದನ್ನು ಹಿಡಿದು ಜಾಗ ಗುರುತಿಸುತ್ತಿದ್ದ. ಹಾಳೆ ತಿರುವಿ, “ಐದು ಕಿಲೋಮೀಟರ್ ಮೇಡಂ,” ಎಂದ.

“ನನ್ನ ಕಾಗದ ಇಪ್ಪತ್ನಾಲ್ಕು ಅಂತಿದೆ.”

“ಅದು ಹೆಂಗಾಗ್ತದೆ?”

“ಅದನ್ನೇ ಕೇಳ್ತಿರೋದು. ನಿನ್ನ ಚುಕ್ಕೆಗಳನ್ನ ತಾರೀಖಿನ ಪ್ರಕಾರ ಬೇಡ, ಗಂಟೆ ಪ್ರಕಾರ ಜೋಡಿಸು.”

ಗೊಣಗಿಕೊಂಡೇ ಜೋಡಿಸಿದ. ಮುಗಿಯುವ ಹೊತ್ತಿಗೆ ಗೊಣಗು ನಿಂತಿತ್ತು. ದಿನ ಯಾವುದಾದರೂ ಇರಲಿ, ಬೆಳಿಗ್ಗೆ ಒಂಬತ್ತರ ಕಂಪನಗಳೆಲ್ಲ ದೂರದ ಹಿಮದ ಕೆಳಗೆ. ಸಂಜೆಯವು ಅರ್ಧ ದಾರಿಯಲ್ಲಿ. ಮರುದಿನದ ಬೆಳಗಿನ ಜಾವದವು ಊರಿನ ಬಾಗಿಲಲ್ಲಿ. ಬೆಳಿಗ್ಗೆ ಎಂಟು ದಾಟಿದರೆ ಮತ್ತೆ ಎಲ್ಲ ಹಿಮದ ಕೆಳಗೆ.

“ಭೂಮಿಗೆ ಎಂಟು ಗಂಟೆ ಆಗಿದ್ದು ಹೇಗೋ ಗೊತ್ತಾಗುತ್ತೆ?” ಎಂದೆ.

ಗಂಗಾಧರ ಹಣೆ ಚಚ್ಚಿಕೊಂಡ. ಎಂಟು ಗಂಟೆ ಭೂಮಿಯದಲ್ಲ, ರೇಡಿಯೊದ್ದು. ವಾರ್ತೆಗೆ ಮುಂಚೆ ಬರುವ ಪಿಪ್ ಪಿಪ್ ಸದ್ದಿಗೆ ಯಂತ್ರದ ಗಡಿಯಾರ ಎಷ್ಟು ಹಿಂದೆ, ಎಷ್ಟು ಮುಂದೆ ಇದೆಯೆಂದು ನಾಲ್ಕೂ ಕಡೆ ದಿನಾ ಬರೆಯಬೇಕು. ಹವಾಲ್ದಾರರ ರಿಜಿಸ್ಟರು ತೆಗೆದೆ. ಮುತ್ತಿನಂಥ ಅಕ್ಷರ. ಗಡಿಯಾರದ ತಪ್ಪು ಬರೆಯುವ ಕಾಲಂನಲ್ಲಿ ಮೊದಲ ದಿನದಿಂದ ಇಂದಿನವರೆಗೆ ಸೊನ್ನೆ, ಸೊನ್ನೆ, ಸೊನ್ನೆ. ಪ್ರತಿ ಸೊನ್ನೆಯ ಪಕ್ಕದಲ್ಲೂ ಸಹಿ.

ಎಂದೂ ತಪ್ಪದ ಗಡಿಯಾರ ಲೋಕದಲ್ಲಿ ಇಲ್ಲ.

ಮರುದಿನ ಎಂಟು ಗಂಟೆಗೆ ಪಕ್ಕದಲ್ಲಿ ನಿಂತು ನೋಡಿದೆ. ರೇಡಿಯೊ ಪಿಪ್ ಎಂದಿತು. ಹವಾಲ್ದಾರರು ಗಡಿಯಾರದ ತಿರುಪಿಗೆ ಕೈ ಹಾಕಿ, ಹಿಂದೆ ಬಿದ್ದಿದ್ದ ಮುಳ್ಳನ್ನು ಕೊನೆಯ ಪಿಪ್ಪಿಗೆ ಸರಿಯಾಗಿ ಕೂರಿಸಿದರು. ಆಮೇಲೆ ರಿಜಿಸ್ಟರಿನಲ್ಲಿ ಸೊನ್ನೆ ಬರೆದು ಸಹಿ ಹಾಕಿದರು.

ಒಡಕು ಅಲ್ಲೇ ಇತ್ತು. ಚಳಿಗೆ ಎಣ್ಣೆ ಗಟ್ಟಿಯಾಗಿ ಆ ಹಳೆಯ ಗಡಿಯಾರ ದಿನವಿಡೀ ಚೂರುಚೂರೇ ಹಿಂದೆ ಬೀಳುತ್ತಿತ್ತು. ಹಿಂದೆ ಬಿದ್ದ ಗಡಿಯಾರದ ಪ್ರಕಾರ ಅಲೆ ಇಲ್ಲಿಗೆ ಬೇಗ ಮುಟ್ಟಿದಂತೆ ಕಾಣುತ್ತದೆ. ಬೇಗ ಮುಟ್ಟಿದರೆ ಹತ್ತಿರದ್ದು ಎಂದಾಗುತ್ತದೆ. ವಾರ ವಾರಕ್ಕೆ ಚಳಿ ಏರಿತು, ಗಡಿಯಾರ ಇನ್ನಷ್ಟು ಸೋತಿತು, ಕೆಂಪು ಚುಕ್ಕೆಗಳು ಊರಿನ ಕಡೆ ಇನ್ನಷ್ಟು ನಡೆದವು.

ಹವಾಲ್ದಾರರ ಕೈ

ಹೇಳುವುದು ನನ್ನ ಪಾಲಿಗೆ ಬಂತು. ಗಂಗಾಧರ ಆಗಲೇ ಕೊಟ್ಟಿಗೆಯ ಹಿಂದೆ ಮರೆಯಾಗಿದ್ದ.

“ಹವಾಲ್ದಾರ್‌ಜಿ, ಗಡಿಯಾರ ಸರಿ ಮಾಡ್ಬಾರ್ದು.”

“ತಪ್ಪು ಇದ್ರೆ?”

“ಎಷ್ಟು ತಪ್ಪು ಅಂತ ಬರೀಬೇಕು.”

“ತಪ್ಪು ಹಾಗೇ ಇಟ್ಕೊಂಡಾ?” ಅವರ ಮುಖ ಕೆಂಪಾಯಿತು. “ಮೇಡಂಜಿ, ಫೌಜಿನಲ್ಲಿ ಒಂದು ದಿನ ನನ್ನ ಗಡಿಯಾರ ತಪ್ಪಿಲ್ಲ. ಇದೂ ತಪ್ಪಲ್ಲ.”

ಟೋಪಿ ಹಾಕಿಕೊಂಡು ಹೊಲಕ್ಕೆ ಇಳಿದುಹೋದರು. ಹತ್ತು ಗಂಟೆಯ ಊಟಕ್ಕೂ ಬರಲಿಲ್ಲ. ಮಾಯಾ ಇಳಿಜಾರಿನ ಕಡೆ ಕೈ ತೋರಿಸಿ, ನೀವೇ ಕರೆದುಕೊಂಡು ಬನ್ನಿ ಎಂಬಂತೆ ನನ್ನ ಕೈಗೆ ಕೋಲು ಕೊಟ್ಟರು.

ಅವರು ರಾಗಿ ಹೊಲದ ಅಂಚಿನಲ್ಲಿ ಕೂತಿದ್ದರು. ನಾನೂ ಪಕ್ಕದ ಕಲ್ಲಿನ ಮೇಲೆ ಕೂತೆ. ಸಮಾಧಾನ ಹೇಳಲು ನನಗೆ ಬಾರದು. ನಡೆದದ್ದನ್ನು ಹೇಳಿದೆ, ಅರ್ಧ ಹಿಂದಿ, ಅರ್ಧ ಬಸ್ಸಿನ ಕನ್ನಡದಲ್ಲಿ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನೂ ದಿನಾ ಗಡಿಯಾರ ಸರಿ ಮಾಡಿ ಸೊನ್ನೆ ಬರೆದಿದ್ದೆ. ತಪಾಸಣೆಗೆ ಬಂದ ಸಾಹೇಬರು ರಿಜಿಸ್ಟರು ನೋಡಿ ಭೇಷ್ ಎನ್ನುತ್ತಾರೆಂದು ಹೊಸ ಸೀರೆಯುಟ್ಟು ನಿಂತಿದ್ದೆ. ಅವರು ಕನ್ನಡಕ ತೆಗೆದು ಹೇಳಿದರು: “ಗಡಿಯಾರ ಸರಿ ಮಾಡೋಕೆ ನಿಮ್ಮನ್ನ ಇಟ್ಕೊಂಡಿಲ್ಲ ಕಣಮ್ಮ. ಅದು ಎಷ್ಟು ಸುಳ್ಳು ಹೇಳ್ತು ಅಂತ ಬರೆಯೋಕೆ ಇಟ್ಕೊಂಡಿರೋದು.” ಒಂದು ತಿಂಗಳ ಕಾಗದವೆಲ್ಲ ದಂಡವಾಯಿತು. ಅಂದು ಬಂಡೆಯ ಹಿಂದೆ ಕೂತು ಅತ್ತಿದ್ದೆ.

ಹವಾಲ್ದಾರರು ತಿರುಗಿ ನೋಡಿದರು. “ನೀವು? ಒಂದು ತಿಂಗಳು?”

“ಪೂರ್ತಿ ಮೂವತ್ತೊಂದು ಸೊನ್ನೆ.”

“ನಂದು ಅರವತ್ತರ ಮೇಲೆ!” ಎಂದು ನಕ್ಕರು. ನಗು ನಿಂತ ಮೇಲೆ ಮುಖ ಮತ್ತೆ ಗಂಭೀರವಾಯಿತು. “ಹಾಗಾದ್ರೆ ಮೇಡಂಜಿ, ಊರು ಖಾಲಿ ಮಾಡೋ ಮಾತು ನನ್ನ ಕೈಯಿಂದ ಬಂತು.”

“ಇನ್ನೂ ಆರು ದಿನ ಇದೆ. ನಿಮ್ಮ ಕೈಯಿಂದಲೇ ತಪ್ಪಿಸೋಣ. ಏಳಿ, ಊಟದ ಹೊತ್ತು ಮೀರಿದೆ.”

ಮುಂದಿನ ನಾಲ್ಕು ಬೆಳಿಗ್ಗೆ ಎಂಟು ಗಂಟೆಗೆ ಹವಾಲ್ದಾರರು ಗಡಿಯಾರದ ಮುಂದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ತಿರುಪಿಗೆ ಹೋಗದಂತೆ ಒಂದು ಕೈ ಇನ್ನೊಂದನ್ನು ಹಿಡಿದಿತ್ತು. ಹಿಂದೆ ಬಿದ್ದಿದ್ದನ್ನು ಕಾಲು ಸೆಕೆಂಡೂ ಬಿಡದೆ ಗಟ್ಟಿಯಾಗಿ ಕೂಗಿ ಹೇಳಿದರು, ನಾನು ಬರೆದೆ. ದಿನಕ್ಕೆ ಎರಡೂವರೆ, ಮೂರು, ಒಂದು ಕಡು ಚಳಿಯ ದಿನ ಮೂರೂವರೆ. ಎಷ್ಟು ಚಳಿಗೆ ಎಷ್ಟು ಸೋಲುತ್ತದೆಂದು ತಿಳಿಯಿತು. ಹವಾಲ್ದಾರರ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಇತ್ತು: ಯಾರೂ ಕೇಳದಿದ್ದರೂ ಅವರು ದಿನಾ ಬೆಳಿಗ್ಗೆ, ಸಂಜೆ ಕೋಣೆಯ ಚಳಿಯನ್ನು ಉಷ್ಣಮಾಪಕ ನೋಡಿ ಬರೆದಿಟ್ಟಿದ್ದರು. ಕೆಡಿಸಿದ ಅಚ್ಚುಕಟ್ಟೇ ಕಾಪಾಡಿತು. ಆ ಕಾಲಂ ಹಿಡಿದು ನಕ್ಷೆಯಲ್ಲಿದ್ದ ಎರಡು ತಿಂಗಳ ಪ್ರತಿ ಕಂಪನದ ಹೊತ್ತನ್ನೂ ತಿದ್ದಿದೆವು.

ಹಳೆಯ ಬಾಗಿಲೊಂದನ್ನು ಎರಡು ಬುಟ್ಟಿಗಳ ಮೇಲೆ ಹಾಸಿ ಮೇಜು ಮಾಡಿಕೊಂಡಿದ್ದೆವು. ನಾನು ಕೂಡಿ ಕಳೆದೆ, ಹವಾಲ್ದಾರರು ಮತ್ತೊಮ್ಮೆ ಕೂಡಿ ಕಳೆದರು, ಗಂಗಾಧರ ಹೊಸ ನಕ್ಷೆಯ ಮೇಲೆ ಚುಕ್ಕೆ ಇಟ್ಟ. ಮೊದಲ ಹತ್ತು ಚುಕ್ಕೆಗಳು ಹಿಮದ ಇಳಿಜಾರಿನಲ್ಲಿ ಬಿದ್ದಾಗ ಹವಾಲ್ದಾರರು ಲೆಕ್ಕವನ್ನು ಇನ್ನೊಮ್ಮೆ ನೋಡಿದರು. ಐವತ್ತಾದಾಗ ಗಂಗಾಧರ ಶಿಳ್ಳೆ ಹಾಕಿದ. ಕೊನೆಯದನ್ನು ಇಡುವ ಹೊತ್ತಿಗೆ ಊರಿಗೆ ನಡೆದು ಬಂದಿದ್ದ ಸಾಲು ಎಲ್ಲಿಯೂ ಇರಲಿಲ್ಲ. ಎರಡು ಬೆಟ್ಟಸಾಲುಗಳಾಚೆ, ಜನವಿಲ್ಲದ ಹಿಮದಡಿಯಲ್ಲಿ ಎಲ್ಲವೂ ಒಂದೇ ಹಿಡಿಯಲ್ಲಿ ಕೂತಿದ್ದವು.

“ಮೇಡಂ, ಎಲ್ಲೂ ಬರ್ತಿಲ್ಲ! ಬಿರುಕು ಇದ್ದಲ್ಲೇ ಐತೆ!” ಎಂದು ಗಂಗಾಧರ ಕೂಗಿದ.

“ಕೂಗ್ಬೇಡ. ಮೊದಲು ನಾನು ಅಳೆದ ಅಂತರಗಳ ಜೊತೆ ಹೋಲಿಸು.”

ಹೋಲಿಸಿದ. ಇಪ್ಪತ್ನಾಲ್ಕು ಕಿಲೋಮೀಟರು, ಆಚೀಚೆ ಒಂದೆರಡು. ಆಗ ನಾನೇ ಕೂಗಿದೆ ಎಂದು ಅವನು ಇಂದಿಗೂ ಹೇಳುತ್ತಾನೆ. ನನಗೆ ನೆನಪಿಲ್ಲ.

ಅಧಿಕಾರಿ ಬಂದ ದಿನ

ಅಧಿಕಾರಿ ಕುದುರೆಯ ಮೇಲೆ ಬಂದರು. ಊರಿನವರೆಲ್ಲ ಅಂಗಳದಲ್ಲಿ ಸೇರಿದರು. ಗಂಗಾಧರ ಹಳೆಯ ನಕ್ಷೆಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಹಿಡಿದು, ನಮ್ಮ ತಪ್ಪೇನೆಂದು ಮುಚ್ಚುಮರೆಯಿಲ್ಲದೆ ಹಿಂದಿಯಲ್ಲಿ ವಿವರಿಸಿದ. ತಪ್ಪು ಯಾರದು ಎಂದು ಅಧಿಕಾರಿ ಕೇಳಿದರು. ಗಂಗಾಧರ ಬಾಯಿ ತೆರೆಯುವ ಮೊದಲೇ ಹವಾಲ್ದಾರರು ಒಂದು ಹೆಜ್ಜೆ ಮುಂದೆ ಬಂದು ಸೆಲ್ಯೂಟ್ ಹೊಡೆದರು. ತಿದ್ದಿದ್ದು ಯಾರು ಎಂದು ಅಧಿಕಾರಿ ಕೇಳಿದರು. ಹವಾಲ್ದಾರರು ಕಾಲು ಕದಲಿಸದೆ ಇನ್ನೊಂದು ಸೆಲ್ಯೂಟ್ ಹೊಡೆದರು.

“ಹಾಗಾದರೆ ಅಪಾಯವಿಲ್ಲ ಅಂತ ಬರೆದುಕೊಡುತ್ತೀರಾ?”

“ಇಲ್ಲ,” ಎಂದ ಗಂಗಾಧರ. “ಹಿಮಾಲಯದಲ್ಲಿ ಯಾರೂ ಹಾಗೆ ಬರೆದುಕೊಡಲಾರರು. ಈ ಕಂಪನಗಳು ಈ ಊರಿನ ಕೆಳಗಿಲ್ಲ, ಈ ಕಡೆಗೆ ಬರುತ್ತಲೂ ಇಲ್ಲ. ಊರು ಖಾಲಿ ಮಾಡಲು ಈಗ ಕಾರಣವಿಲ್ಲ. ಗೋಡೆ ಕುಸಿಯದಂತೆ ಒಂದೊಂದೇ ಮನೆಗೆ ಮರದ ಪಟ್ಟಿ ಹಾಕಿಸಿ. ಕೋಣೆಯ ಯಂತ್ರ ಇಲ್ಲೇ ಇರಲಿ, ಹವಾಲ್ದಾರರು ನೋಡಿಕೊಳ್ಳುತ್ತಾರೆ. ಇಷ್ಟನ್ನು ಬರೆದುಕೊಡುತ್ತೇನೆ.”

ಅಧಿಕಾರಿ ಎರಡೂ ನಕ್ಷೆಗಳನ್ನು ಬಹಳ ಹೊತ್ತು ನೋಡಿದರು. ಊರವರನ್ನು ಡೇರೆಗಳಿಗೆ ಕಳಿಸುವ ಆಜ್ಞೆಯ ಕಾಗದವನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಸೇರಿಸಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಮುದುಕಿ ಎದ್ದು ತನ್ನ ಕಂಬಳಿ ಸುತ್ತಿಕೊಂಡು ಮನೆಯೊಳಗೆ ಹೋದಳು. ಹಿಂದೆಯೇ ಇನ್ನೊಂದು ಮನೆಯವರು ಮಂಚ ಎತ್ತಿದರು. ಸ್ವಲ್ಪ ಹೊತ್ತಿಗೆ ಇಡೀ ಊರು ಹಾಸಿಗೆ, ಪಾತ್ರೆ, ಕೋಳಿ ಬುಟ್ಟಿ ಹೊತ್ತು ಒಳಗೆ ನಡೆಯುತ್ತಿತ್ತು. ನಿತ್ಯ ನಿಯಮಕ್ಕೆ ಬದ್ಧಳಾದ ನಾನು ಆ ದಿನ ಊಟದ ಹೊತ್ತು ಮರೆತು ಅಂಗಳದಲ್ಲೇ ನಿಂತಿದ್ದೆ.

ಹೊರಡುವ ಹಿಂದಿನ ದಿನ ರಾಗಿ ಕುಯಿಲು ಶುರುವಾಯಿತು. ಅಲ್ಲಿ ತೆನೆಯನ್ನಷ್ಟೇ ಕುಯ್ದು ಬೆನ್ನಿನ ಬುಟ್ಟಿಗೆ ಹಾಕುತ್ತಾರೆ. ನಮ್ಮ ಹಾಗೆ ಬುಡಕ್ಕೆ ಕುಡುಗೋಲು ಹಾಕುವುದಿಲ್ಲ. ಇಪ್ಪತ್ತು ಮೂವತ್ತು ಹೆಂಗಸರು ಸಾಲಾಗಿ ನಿಂತಿದ್ದರು. ನಾನು ಅಂಚಿನಲ್ಲಿ ಕೂತು ನೋಡುತ್ತಿದ್ದೆ. ತೆನೆಗಳು ಗಾಳಿಯಿಲ್ಲದೆ ಸಣ್ಣಗೆ ನಡುಗಿದವು. ಕೈಗಳೆಲ್ಲ ಒಮ್ಮೆಲೇ ನಿಂತವು. ಹವಾಲ್ದಾರರು ಹೇಳಿಕೊಟ್ಟಿದ್ದಂತೆ ಮಾಯಾ ಗಟ್ಟಿಯಾಗಿ ಎಣಿಸಿದರು: ಏಕ್, ದುಯಿ, ತೀನ್. ಮೂರು ಎನ್ನುತ್ತಲೇ ನೆಲ ಮೆಲ್ಲಗೆ ಸರಿದು ನಿಂತಿತು.

ದೂರದ್ದು. ಯಾರೂ ಓಡಲಿಲ್ಲ. ಯಾರೋ ಏನೋ ಅಂದರು, ಸಾಲು ಪೂರ್ತಿ ನಕ್ಕಿತು, ಕೈಗಳು ಮತ್ತೆ ತೆನೆಗೆ ಹೋದವು. ಮಾಯಾ ತಮ್ಮ ಪಕ್ಕದಲ್ಲಿ ಜಾಗ ಮಾಡಿ ನನ್ನ ಕಡೆ ಒಂದು ಕುಡುಗೋಲು ಚಾಚಿದರು. ಸೆರಗು ಸಿಕ್ಕಿಸಿಕೊಂಡು ನಾನೂ ಸಾಲಿಗೆ ಇಳಿದೆ.